ಭಟ್ಟಿಯ ಬಿಸಿಗೆ ಒಣಗಿದ ಪುಸ್ತಕಗಳು

ನಮ್ಮ ಸಂಘ ಓಣಿಯ ಮಕ್ಕಳಿಗೆ ನಡೆಸುವ ಸಂಜೆ ಪಾಠಕ್ಕೆ ಭಾನುವಾರ ಹತ್ತು ವರ್ಷ ತುಂಬಿತು. ಮೈಕ್ ಕೈಗೆ ಕೊಟ್ಟಾಗ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಹೇಗೆ, ಮಧ್ಯೆ ದುಡ್ಡು ನಿಂತಿದ್ದು ಯಾಕೆ, ಎಲ್ಲ ನಿಮಗೆ ಗೊತ್ತಿರುವುದೇ. ಬಾಡಿಗೆ ಬೇಡ ಎಂದ ಮನೆ ಮಾಲೀಕರು, ಪಾಠ ಹೇಳಿದ ಕಾಲೇಜು ಹುಡುಗರು, ಪೈಸೆ ಪೈಸೆ ಲೆಕ್ಕ ಇಟ್ಟ ಖಜಾಂಚಿ, ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದ ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಖಾಲಾಗೆ ಬೇಕು.

ಖಾಲಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಓಣಿಗೆಲ್ಲ ಅವರು ಖಾಲಾನೇ, ಅಂದರೆ ಚಿಕ್ಕಮ್ಮ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿಯಾದ ಮೇಲೆ ಕಾದ ಮರಳಲ್ಲಿ ಹುರಿಯಬೇಕು. ಕೆಲಸ ಶುರುವಾಗುವುದು ಊರೆಲ್ಲ ಮಲಗಿರುವಾಗ. ದಾವಣಗೆರೆ ಮಂಡಕ್ಕಿ ಎಲ್ಲರೂ ತಿಂದಿದ್ದೇವೆ. ಅದರ ಹೊಗೆ ಕುಡಿದವರು ಬೇರೆ.

ಒಂದು ಮಳೆ ರಾತ್ರಿ ಚರಂಡಿ ನೀರು ನಮ್ಮ ಕೋಣೆಗೆ ನುಗ್ಗಿತು. ಕಪಾಟಿನ ಕೆಳಗಿನ ಎರಡು ಸಾಲಿನ ಪುಸ್ತಕಗಳು ನೆನೆದು ಮುದ್ದೆಯಾಗಿದ್ದವು. ಹಿಂದಿನ ವಾರವಷ್ಟೇ, ನಮಗೆ ಹಣ ಕೊಡುತ್ತಿದ್ದ ಸಂಸ್ಥೆಯೊಂದು 'ಈ ವರ್ಷ ಬೇರೆ ಜಿಲ್ಲೆ' ಎಂದು ಮೇಲ್ ಕಳಿಸಿತ್ತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಬೀಗ ಹಾಕಿ ಹೋಗೋಣ ಅನ್ನಿಸಿಬಿಟ್ಟಿತ್ತು.

ಖಾಲಾ ಖಾಲಿ ಚೀಲ ಹಿಡಿದು ಬಂದರು. ಏನೂ ಕೇಳಲಿಲ್ಲ. ಪುಸ್ತಕ ತುಂಬಿದರು. ಮೂರು ಸಲ ಓಡಾಡಿ ಭಟ್ಟಿಗೆ ಸಾಗಿಸಿದೆವು. ಒಲೆಯ ಪಕ್ಕದ ಬೆಚ್ಚನೆ ಕಟ್ಟೆ ಮೇಲೆ ಚೀಲ ಹಾಸಿ, ಒಂದೊಂದನ್ನೇ ಬಿಡಿಸಿಟ್ಟರು. ಆಗಾಗ ಬಂದು ಅಂಗೈ ಅಂಚಿನಿಂದ ಪುಟ ಮಗುಚುತ್ತಿದ್ದರು, ಒಣಗಲು ಹಾಕಿದ ಭತ್ತ ಮಗುಚಿದ ಹಾಗೇ.

"ಇದರಲ್ಲಿ ಅಆಇಈ ಯಾವುದು? ಅದು ಮೊದಲು ಒಣಗಲಿ" ಎಂದರು. ಅವರಿಗೆ ಓದಲು ಬರುವುದಿಲ್ಲ. ಆದರೆ ನಮ್ಮ ಕೆಲಸದ ಮರ್ಮ ಗೊತ್ತಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ಶಾಲೆಯನ್ನೇ ಕಾಣದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ವಿಶೇಷ ತರಬೇತಿಯೂ ಆ ಮಗುವಿನ ಹಕ್ಕು. ಖಾಲಾ ಮೊಮ್ಮಗಳು ಹಾಗೇ ಹತ್ತನೇ ವಯಸ್ಸಿಗೆ ಸೀದಾ ಐದನೇ ಕ್ಲಾಸಿಗೆ ಹೋದವಳು. ಅಕ್ಷರವೇ ಗೊತ್ತಿಲ್ಲ, ಕೈಯಲ್ಲಿ ಐದನೇ ಕ್ಲಾಸಿನ ಪುಸ್ತಕ! ಮೇಷ್ಟ್ರಿಗೆ ಇಡೀ ಕ್ಲಾಸು ನೋಡಬೇಕು. ಅವಳ ಪಕ್ಕ ಕೂತು 'ಅ' ತಿದ್ದಿಸಲು ಸಂಜೆ ಯಾರಾದರೂ ಬೇಕಲ್ವಾ? ನಮ್ಮಂಥ ಸಂಘಗಳ ಜಾಗ ಅಷ್ಟೇ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿದ ಊರಿದು, ಕಾಲೇಜುಗಳಿಗೇನು ಬರ ಇಲ್ಲ. ನಮ್ಮದು ಒಂದು ಕೋಣೆ, ಎರಡು ಗಂಟೆ.

ಆಮೇಲೆ ಖಾಲಾ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆಯಾದರು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯ್ದೆ ಹೇಳುತ್ತದೆ. ಮೀಟಿಂಗ್ ಮಾತ್ರ ಕೂಲಿ ಹೊತ್ತಿಗೇ ಇಡುತ್ತಿದ್ದರು. "ಅರ್ಧ ದಿನದ ಕೂಲಿ ಯಾರು ಕೊಡ್ತಾರೆ?" ಎಂದು ಖಾಲಾ ಎದ್ದು ನಿಂತು ಕೇಳಿದರು. ಮುಂದಿನ ಮೀಟಿಂಗ್ ಸಂಜೆಗೆ ಬಂತು. ಹತ್ತು ವರ್ಷದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ದಿನ ಅದು.

ಒಂದು ಮಾತು ಬಾಕಿ ಇದೆ. ಆ ರಾತ್ರಿ ನಾನು ಖಾಲಾ ಮೇಲೆ ರೇಗಿದ್ದೆ. "ಸುಮ್ನೆ ಯಾಕೆ ಒದ್ದಾಡ್ತೀರಿ, ಎಲ್ಲ ಮುಗೀತು" ಎಂದು ಕೂಗಿ, ಅವರೆದುರೇ ಅತ್ತುಬಿಟ್ಟೆ. ಅವರು ಮಾತಾಡಲಿಲ್ಲ. ಪುಟ ಮಗುಚಿದರು. ಬೆಳಗಿನ ಜಾವ ಒಂದು ಲೋಟ ಚಹಾ ತಂದಿಟ್ಟು ಕೆಲಸಕ್ಕೆ ಹೋದರು. ಹಾಗೆ ರೇಗಿದ್ದಕ್ಕೆ ಇವತ್ತಿಗೂ ಕ್ಷಮೆ ಕೇಳಿಲ್ಲ. ಈಗ ಕೇಳುತ್ತಿದ್ದೇನೆ, ಖಾಲಾ. ಮೊಮ್ಮಗಳು ಓದಿ ಹೇಳುತ್ತಾಳೆ.

ಸೋಮವಾರದಿಂದ ಮತ್ತೆ ಆರೂವರೆಗೆ ಪಾಠ. ಆ ಪುಸ್ತಕಗಳು ಇನ್ನೂ ಇವೆ. ಕೊಡವಿದರೆ ಈಗಲೂ ಮರಳು ಉದುರುತ್ತದೆ. ಕಪಾಟಿನ ಕೆಳಗಿನ ಸಾಲು ಮಾತ್ರ ಖಾಲಿ ಬಿಟ್ಟಿದ್ದೇವೆ.