ಸಂಗನಕಲ್ಲಿನ ಬೂದಿಯೂ ಪಾಠ ಆಗಲಿ, ಸಚಿವರೇ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಬಳ್ಳಾರಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹರಪ್ಪ, ಮೊಹೆಂಜೊದಾರೊ ಅಂದರೆ ಸಾಕು, ಸುಟ್ಟ ಇಟ್ಟಿಗೆ, ನೇರ ಬೀದಿ, ಚರಂಡಿ ಅಂತ ನಮ್ಮ ಮಕ್ಕಳು ಪಟಪಟ ಹೇಳುತ್ತಾರೆ. ಆಗಿನ ಕಾಲಕ್ಕೆ ನಮ್ಮ ಗುಡ್ಡಗಳಲ್ಲಿ ಯಾರಿದ್ದರು ಅಂತ ಕೇಳಿದರೆ ಇಡೀ ತರಗತಿ ಗಪ್ಪಾಗುತ್ತದೆ.

ಹೋದ ಚಳಿಗಾಲದಲ್ಲಿ ಮಕ್ಕಳನ್ನು ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳ ಕಡೆ ಕರೆದುಕೊಂಡು ಹೋದೆ. ಅಲ್ಲಿನ ಬೂದಿದಿಬ್ಬದ, ಅಂದರೆ ಹಳೇ ಕಾಲದ ಬೂದಿ ರಾಶಿಯ, ಹತ್ತಿರ ನಿಂತೆವು. ಮೆತ್ತಗಿನ ಬೂದಿ, ನಡುನಡುವೆ ಕರಗಿ ಗಟ್ಟಿಯಾದ, ತೂತು ತೂತಿನ ಹೆಂಟೆಗಳು. ದನ ಕಟ್ಟುವ ಮನೆಯ ಹುಡುಗನೊಬ್ಬ ಬಗ್ಗಿ ನೋಡಿ, "ಸಾರ್, ಇದು ಸಗಣಿ ಬೂದಿ ಅಲ್ಲೇನ್ರಿ?" ಅಂದ.

ಹೌದು, ಸಗಣಿ ಬೂದಿಯೇ. ಇಷ್ಟನ್ನು ಒಪ್ಪಿಕೊಳ್ಳೋಕೆ ವಿದ್ವಾಂಸರಿಗೆ ನೂರು ವರ್ಷ ಹಿಡಿಯಿತು. ರಾಕ್ಷಸರನ್ನು ಸುಟ್ಟ ಬೂದಿ ಅಂತ ಹಳಬರು ಹೇಳುತ್ತಿದ್ದರು. ಜ್ವಾಲಾಮುಖಿ ಅಂದವರಿದ್ದರು, ಕಬ್ಬಿಣ ಕರಗಿಸಿದ ಜಾಗ ಅಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದು ದನದ ಸಗಣಿ ಅಂದಿದ್ದರು. ಆಮೇಲೆ 1950ರ ದಶಕದಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆದರು. ಬೂದಿಯ ಪದರದಲ್ಲಿ ದನದ ಗೊರಸಿನ ಗುರುತು ಸಿಕ್ಕಿತು. ದೊಡ್ಡಿಗೆ ಗೂಟ ನೆಟ್ಟ ಕುಣಿಗಳೂ ಸಿಕ್ಕವು.

ಇಟ್ಟಿಗೆ ಕಟ್ಟಿದವರಿಗೆ, ಕಲ್ಲಿನ ಮೇಲೆ ಬರೆಸಿದವರಿಗೆ ಚರಿತ್ರೆಯಲ್ಲಿ ಜಾಗ ಸಲೀಸಾಗಿ ಸಿಗುತ್ತದೆ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಅದನ್ನು ಮಕ್ಕಳು ಓದಲೇಬೇಕು. ಆದರೆ ಅಶೋಕನಿಗಿಂತ ಸಾವಿರ ವರ್ಷಕ್ಕೂ ಮೊದಲೇ ಇಲ್ಲಿ ಹುರುಳಿ, ಹೆಸರು, ಕೊರಲೆ ತಿಂದು ದನ ಸಾಕಿ ಬದುಕಿದವರು ಅಕ್ಷರ ಬಿಟ್ಟು ಹೋಗಲಿಲ್ಲ. ಅವರು ಬಿಟ್ಟಿದ್ದು ಬೂದಿ, ಕೊಡಲಿ ಮತ್ತು ಬಂಡೆ ಮೇಲಿನ ಗೂಳಿ ಚಿತ್ರ. ಅಷ್ಟಕ್ಕೇ ಅವರನ್ನು ನಾಗರಿಕತೆಯ ಪಾಠದಿಂದ ಹೊರಗಿಡೋದು ಅನ್ಯಾಯ ಅಲ್ವಾ?

ಇದೇ ಗುಡ್ಡಸಾಲಿನ ಹಿರೇಗುಡ್ಡದಲ್ಲಿ ಅವರು ಕರಿಕಲ್ಲು ಒಡೆದು ಕೊಡಲಿ ಮಾಡುತ್ತಿದ್ದರು. ತಿಕ್ಕಿ ತಿಕ್ಕಿ ಬಂಡೆಯಲ್ಲಿ ತಗ್ಗು ಬಿದ್ದಿದೆ, ಕೈಯಿಟ್ಟರೆ ನುಣ್ಣಗಿದೆ. ಅದನ್ನು ಸವರಿದ ಹುಡುಗಿಯೊಬ್ಬಳು, "ನಮ್ಮವ್ವ ಕುಡುಗೋಲು ಮಸೆಯೋ ಕಲ್ಲೂ ಹಿಂಗೇ ಐತಿ" ಅಂದಳು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ನಾನು ಹೇಳಿಕೊಡಲಾಗದ್ದು ಅವಳಿಗೆ ಅಲ್ಲಿ ತಾನಾಗಿಯೇ ಹೊಳೆಯಿತು.

ಹರಪ್ಪ ಪಾಠದ ಪಕ್ಕದಲ್ಲೇ ಬೂದಿದಿಬ್ಬದ ಪಾಠವೂ ಬರಲಿ. ಅದನ್ನು ಬರೆಯುವಾಗ ಪುರಾತತ್ವದವರ ಜೊತೆ ಇಲ್ಲಿನ ದನಗಾಹಿಗಳನ್ನೂ ಕೂರಿಸಿಕೊಳ್ಳಿ. ಈ ಭಾಗದ ಪ್ರತಿ ಶಾಲೆಗೂ ವರ್ಷಕ್ಕೊಂದು ದಿನ ಇಲ್ಲಿಗೆ ಬರೋಕೆ ಬಸ್ಸಿನ ಖರ್ಚು ಕೊಡಿ. ಕಲ್ಲು ಗಣಿಗಾರಿಕೆಯಿಂದ ಕುಪ್ಪಗಲ್ಲಿನ ಬಂಡೆಚಿತ್ರಗಳಿಗೆ ಆಗಲೇ ಪೆಟ್ಟು ಬಿದ್ದಿದೆ. ಉಳಿದವನ್ನು ಕಾಪಾಡಲು ಸಂಬಂಧಪಟ್ಟ ಸಚಿವರಿಗೆ ನೀವೇ ಹೇಳಬೇಕು.

ಬಳ್ಳಾರಿಗೆ ಬಂದಾಗ ಒಮ್ಮೆ ಗುಡ್ಡಕ್ಕೂ ಬನ್ನಿ. ಬೆಳಗ್ಗೆ ಬೇಗ ಬಂದರೆ ಒಳ್ಳೇದು, ಬಿಸಿಲೇರಿದರೆ ಬಂಡೆ ಕಾದ ಹೆಂಚಾಗುತ್ತದೆ. ಆ ಹುಡುಗನೇ ನಿಮಗೆ ಎಲ್ಲ ತೋರಿಸುತ್ತಾನೆ.

ಇಂತಿ,
ಬಳ್ಳಾರಿಯ ಒಬ್ಬ ಮೇಷ್ಟ್ರು