ಎಎಂ ರೇಡಿಯೊಗೆ ಆಟದ ಮಾತು ಕೊಟ್ಟು ನೋಡಿ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ಕಾರುಗಳಿಂದ ಎಎಂ ರೇಡಿಯೊ, ಅಂದರೆ ನಮ್ಮ ಹಳೆಯ ಮಧ್ಯಮ ತರಂಗದ ರೇಡಿಯೊ, ಮಾಯವಾಗುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಕೇಳುವವರೇ ಇಲ್ಲದ ಮೇಲೆ ಇದ್ದರೆಷ್ಟು ಬಿಟ್ಟರೆಷ್ಟು ಎಂಬ ಧಾಟಿ ಅದರಲ್ಲಿತ್ತು. ನ್ಯೂಜೆರ್ಸಿಯಲ್ಲಿ ನೆಲೆಸಿ, ಕೆಲಸಕ್ಕೆ ಹೋಗುತ್ತಾ ಬರುತ್ತಾ ನ್ಯೂಯಾರ್ಕಿನ 660 ಎಎಂ (660 ಕಿಲೊಹರ್ಟ್ಸ್‌ನ ಕೇಂದ್ರ) ಕೇಳುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಡಬ್ಲ್ಯುಎಫ್‌ಎಎನ್ ಎಂಬ ಈ ಕ್ರೀಡಾ ಕೇಂದ್ರ ಬೆಳೆದು ಬಂದ ದಾರಿ ನಮ್ಮ ಆಕಾಶವಾಣಿಯವರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

1980ರ ದಶಕದಲ್ಲಿ ಅಮೆರಿಕದ ಸಂಗೀತಪ್ರಿಯರು ಆಗಲೇ ಎಫ್‌ಎಂ ಕಡೆ ಹೊರಟಿದ್ದರು. ನ್ಯೂಯಾರ್ಕಿನ 1050 ಎಎಂನಲ್ಲಿ ಕಂಟ್ರಿ ಹಾಡು ಹಾಕುತ್ತಿದ್ದ ಡಬ್ಲ್ಯುಎಚ್‌ಎನ್ ಕೇಂದ್ರದ ಬಳಿ ಮೆಟ್ಸ್ ಬೇಸ್‌ಬಾಲ್ ತಂಡದ ಕಾಮೆಂಟರಿಯಿತ್ತು. ಮೆಟ್ಸ್ 1986ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಋತುವಿನ ಅಂತಿಮ ಸರಣಿ, ಗೆದ್ದು ಊರಿಗೆ ಊರೇ ಕುಣಿದಿದ್ದ ಹೊತ್ತು ಅದು. ಕೇಂದ್ರದ ಒಡೆತನವಿದ್ದ ಎಮ್ಮಿಸ್ ಕಂಪನಿಯ ಜೆಫ್ ಸ್ಮುಲ್ಯಾನ್ ಹಾಡುಗಳನ್ನೆಲ್ಲ ಕೈಬಿಟ್ಟು ಹಗಲೂ ರಾತ್ರಿ ಆಟದ ಮಾತೇ ಇರಲಿ ಎಂದು ಹೊರಟರು. 1987ರ ಜುಲೈ 1ರ ಮಧ್ಯಾಹ್ನ 3 ಗಂಟೆಗೆ ಅದು ಡಬ್ಲ್ಯುಎಫ್‌ಎಎನ್ ಆದಾಗ ಅಲ್ಲಿ ಮೊದಲು ಕೇಳಿದ್ದು ಸೂಜನ್ ವಾಲ್ಡ್‌ಮನ್ ಅವರ ದನಿ. ಆಟದ ವರದಿ ಗಂಡಸರ ಕೆಲಸ ಎನ್ನುತ್ತಿದ್ದ ಕಾಲದಲ್ಲಿ ಹೆಣ್ಣುಮಗಳೊಬ್ಬರು ಆರಂಭಿಸಿದ್ದಕ್ಕೇ ಆ ಕೇಂದ್ರದ ಮೇಲೆ ನನಗೆ ಗೌರವ. ಮುಂದೆ ಅವರು ನ್ಯೂಯಾರ್ಕಿನ ಇನ್ನೊಂದು ಬೇಸ್‌ಬಾಲ್ ತಂಡವಾದ ಯಾಂಕೀಸ್‌ನ ರೇಡಿಯೊ ಕಾಮೆಂಟರಿಗೂ ಕೂತರು.

ಆರಂಭದಲ್ಲಿ ನಷ್ಟವೇ. ಎನ್‌ಬಿಸಿ ಪ್ರಸಾರ ಸಂಸ್ಥೆ ತನ್ನ ರೇಡಿಯೊ ಕೇಂದ್ರಗಳನ್ನು ಮಾರಲು ನಿಂತಾಗ ಎಮ್ಮಿಸ್ ಅವರ 660 ಕೇಂದ್ರವನ್ನು ಕೊಂಡು, 1988ರ ಅಕ್ಟೋಬರ್ 7ರಂದು ಕ್ರೀಡಾ ಕೇಂದ್ರವನ್ನು ಅಲ್ಲಿಗೆ ಒಯ್ದಿತು. ಅಲ್ಲಿದ್ದ ಡಾನ್ ಇಮಸ್ ಅವರ ಬೆಳಗಿನ ಕಾರ್ಯಕ್ರಮವೂ ಜೊತೆಗೇ ಬಂತು. ಮರುವರ್ಷ ಮಧ್ಯಾಹ್ನದ ಹೊತ್ತಿಗೆ ಮೈಕ್ ಫ್ರಾನ್ಸೆಸಾ, ಕ್ರಿಸ್ ರುಸೊ ಜೋಡಿ ಸೇರಿಕೊಂಡಿತು; 2008ರವರೆಗೂ ಅವರ ಜಗಳ ಕೇಳುವುದೇ ಊರಿಗೊಂದು ಚಟವಾಗಿತ್ತು. 660ರದು 50 ಕಿಲೊವಾಟ್ ಪ್ರಸಾರ. ಕತ್ತಲಾದ ಮೇಲೆ ಮಧ್ಯಮ ತರಂಗ ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ ಮರಳುವುದರಿಂದ ನೂರಾರು ಮೈಲಿ ಆಚೆಯೂ ಕೇಂದ್ರ ಸಿಗುತ್ತದೆ, ನಡುನಡುವೆ ಗೊರಗೊರ ಸದ್ದಿದ್ದರೂ.

ಆದರೆ ಇದನ್ನು ಉಳಿಸಿದ್ದು ಫೋನ್ ಮಾಡುವ ಜನ. ನಡುರಾತ್ರಿ ಟ್ಯಾಕ್ಸಿ ಓಡಿಸುವವನೊಬ್ಬ ಕರೆ ಮಾಡಿ, ಏಳನೇ ಇನಿಂಗ್ಸ್‌ನಲ್ಲಿ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಯಾಕೆ ಬದಲಾಯಿಸಿದರು ಎಂದು ರೇಗುತ್ತಾನೆ. ನಿರೂಪಕ ಒಪ್ಪುವುದಿಲ್ಲ. ಮುಂದಿನ ಕರೆ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿರುವ ನರ್ಸ್‌ದು, ಆಕೆ ಟ್ಯಾಕ್ಸಿಯವನ ಪಕ್ಷ. ಮ್ಯಾಚ್ ಮುಗಿದ ಮೇಲೆ ನಮ್ಮ ದರ್ಶಿನಿಗಳ ಮುಂದೆ ಕಾಫಿ ಹಿಡಿದು ನಿಂತು ನಡೆಸುವ ವಾದದಂತೆಯೇ ಇದು.

2012ರ ನವೆಂಬರಿನಿಂದ ಇದೇ ಪ್ರಸಾರ 101.9 ಎಫ್‌ಎಂನಲ್ಲೂ ಬರುತ್ತಿದೆ. ಹಾಗೆಂದು 660 ಅನ್ನು ಮುಚ್ಚಲಿಲ್ಲ. ಹೊಸ ಕಾರುಗಳಲ್ಲಿ ಎಎಂ ಇಡುವುದಿಲ್ಲ ಎಂದಿದ್ದ ಫೋರ್ಡ್ ಕೂಡ 2023ರಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು.

ಬೆಂಗಳೂರಿನ 612, ಧಾರವಾಡದ 765 ಕಿಲೊಹರ್ಟ್ಸ್ ಕೇಂದ್ರಗಳನ್ನು ಕಟ್ಟಿದ್ದು 200 ಕಿಲೊವಾಟ್‌ಗೆ, ಅಂದರೆ ನ್ಯೂಯಾರ್ಕಿನ ನಾಲ್ಕು ಪಟ್ಟು ಶಕ್ತಿಗೆ. ಅಷ್ಟು ದೂರ ಮುಟ್ಟುವ ತರಂಗದಲ್ಲಿ ಕನ್ನಡಿಗರ ಆಟದ ಮಾತಿಗೆ ದಿನಕ್ಕೊಂದು ಗಂಟೆ ಕೊಟ್ಟರೆ ಏನು ಹೋಗುತ್ತದೆ? ಹುಬ್ಬಳ್ಳಿಯಲ್ಲೋ ಚಿನ್ನಸ್ವಾಮಿಯಲ್ಲೋ ರಣಜಿ ಪಂದ್ಯವಿದ್ದ ಸಂಜೆ ಕೇಳುಗರ ಫೋನ್ ತೆಗೆದುಕೊಳ್ಳಿ. ಕೊಡಗಿನ ಹಾಕಿ, ಊರೂರಿನ ಕಬಡ್ಡಿ, ದಸರಾ ಕುಸ್ತಿ ಬಗ್ಗೆ ಮಾತಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಮುಂದಿನ ರಣಜಿ ಋತುವಿನಲ್ಲೇ ಆಕಾಶವಾಣಿ ಇದನ್ನು ಶುರುಮಾಡಲಿ. ಎಎಂ ಕೇಳುವವರಿಲ್ಲ ಎಂಬ ತೀರ್ಮಾನ ಆಮೇಲೆ ಆಗಲಿ.

ಇಂತಿ,
ಓರ್ವ ಓದುಗ, ನ್ಯೂಜೆರ್ಸಿ