ಅಜ್ಜಿಯ ಹೆಸರನ್ನು ಬಿಟ್ಟುಕೊಡಬೇಡ

ಬಳ್ಳಾರಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅಜ್ಜಿ ಹೆಸರಿಟ್ಟು ಶುರು ಮಾಡಿದ ಜೀನ್ಸ್. ಆ ಹೆಸರಿನ ಡಾಟ್ ಇನ್ ಡೊಮೇನನ್ನು, ಅಂದರೆ ವೆಬ್‌ಸೈಟ್ ವಿಳಾಸವನ್ನು, ಯಾರೋ ಬುಕ್ ಮಾಡಿ ಎರಡು ಲಕ್ಷ ಕೇಳುತ್ತಿದ್ದಾನೆ ಅಂದೆ. ದುಡ್ಡು ಕಳಿಸಬೇಡ. ಸಿಟ್ಟಿನಲ್ಲಿ ಉತ್ತರವನ್ನೂ ಬರೆಯಬೇಡ. ಅವನು ದುಡ್ಡು ಕೇಳಿದ ಇ-ಮೇಲನ್ನು ಮಾತ್ರ ಜೋಪಾನ ಮಾಡು.

ಡಾಟ್ ಇನ್ ಹೆಸರುಗಳ ತಕರಾರನ್ನು ಅವುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಗೆ ಕೊಡಬಹುದು. ಅವರು ನೇಮಿಸುವ ಮಧ್ಯಸ್ಥಗಾರರ ಮುಂದೆ ನೀನು ಮೂರು ಮಾತು ತೋರಿಸಬೇಕು. ಆ ಹೆಸರು ನಿನ್ನದರಂತೆಯೇ ಇದೆ, ಅವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ಹಿಡಿದಿದ್ದಾನೆ. ಖರ್ಚಿಗಿಂತ ಜಾಸ್ತಿ ದುಡ್ಡಿಗೆ ನಿನಗೇ ಮಾರಲು ಬುಕ್ ಮಾಡಿದ್ದರೆ ಅದು ಕೆಟ್ಟ ಉದ್ದೇಶವೇ. ಅದಕ್ಕೇ ಆ ಮೇಲ್ ಅಳಿಸಬೇಡ ಅಂದದ್ದು. ಗೆದ್ದರೆ ಡೊಮೇನ್ ನಿನ್ನ ಹೆಸರಿಗೆ ಬರುತ್ತದೆ. ಡಾಟ್ ಕಾಮ್ ಆಗಿದ್ದರೆ ದಾರಿ ಬೇರೆ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗೆ ದೂರು ಕೊಟ್ಟರೆ ಶುಲ್ಕವೇ 1,500 ಡಾಲರ್‌ನಿಂದ ಶುರು.

ಆದರೆ ನೀನು ವ್ಯಾಪಾರ ಶುರು ಮಾಡುವ ಮೊದಲೇ ಅವನು ಬುಕ್ ಮಾಡಿದ್ದನಾ? ಹಾಗಿದ್ದರೆ ಗೆಲ್ಲುವುದು ಕಷ್ಟ. ಮೊದಲು ಆ ತಾರೀಖು ನೋಡು. ಆಮೇಲೆ ಹಳೆಯ ಬಿಲ್ಲು, ಲೇಬಲ್ ಪ್ರಿಂಟ್ ಮಾಡಿಸಿದ ರಸೀದಿ, ಲಾರಿಗೆ ಮಾಲು ಹಾಕಿದಾಗ ಕೊಟ್ಟ ಎಲ್‌ಆರ್ ರಸೀದಿ, ಎಲ್ಲ ಹುಡುಕು. ಟ್ರೇಡ್‌ಮಾರ್ಕ್ ನೋಂದಣಿ ಇಲ್ಲ ಅಂತ ಕುಗ್ಗಬೇಡ. ಬಳಸಿ ಗಳಿಸಿದ ಹೆಸರಿಗೂ ಕಾನೂನಿನ ಆಸರೆ ಇದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಸಲ್ಲುತ್ತದೆ ಅಂತ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಸುಮ್ನೆ ‘ಬಳ್ಳಾರಿ ಜೀನ್ಸ್’ ಅಂತ ಇಟ್ಟಿದ್ದರೆ ಕಷ್ಟವಿತ್ತು. ಅದು ಕೌಲ್ ಬಜಾರಿನಲ್ಲಿ ಹೊಲಿಯುವ ಎಲ್ಲರದ್ದೂ ಅಲ್ವಾ.

ಟ್ರೇಡ್‌ಮಾರ್ಕ್ ನೋಂದಣಿಗೆ ಈ ವಾರವೇ ಅರ್ಜಿ ಹಾಕು. ಬಟ್ಟೆಗೆ 25ನೇ ವರ್ಗ. ಒಬ್ಬರೇ ಮಾಲೀಕರಾದರೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ಸಿಕ್ಕರೆ 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಅಲ್ಲಿವರೆಗೆ ಲೇಬಲ್ ಮೇಲೆ ಟಿಎಂ ಅಂತ ಹಾಕು. ವೃತ್ತದೊಳಗಿನ ಆರ್ ಗುರುತು ನೋಂದಣಿ ಆದಮೇಲೆಯೇ.

ನನಗಾದದ್ದು ನಿನಗೆ ಹೇಳಿರಲಿಲ್ಲ. ನನ್ನ ಅಂಗಡಿಯ ವೆಬ್‌ಸೈಟ್ ಮಾಡಿಕೊಟ್ಟವನು ಡೊಮೇನನ್ನು ತನ್ನ ಹೆಸರಲ್ಲೇ ಬುಕ್ ಮಾಡಿದ್ದ. ನಾನು ಕೇಳಲೇ ಇಲ್ಲ. ಆಮೇಲೆ ಅವನು ಫೋನ್ ಎತ್ತಲಿಲ್ಲ, ನವೀಕರಣ ತಪ್ಪಿತು, ಹೆಸರು ಹೋಯಿತು. ಆ ಹೆಸರು ನೋಡಿ ಬರುತ್ತಿದ್ದ ಹೊರಗಿನ ಗಿರಾಕಿಗಳು ಮತ್ತೆ ಬರಲಿಲ್ಲ. ನಿನ್ನ ಉಳಿದ ಡೊಮೇನುಗಳು ನಿನ್ನ ಹೆಸರು, ನಿನ್ನ ಮೇಲ್, ನಿನ್ನ ಫೋನ್ ನಂಬರಿನಲ್ಲೇ ಇವೆಯಾ ಅಂತ ಇವತ್ತೇ ನೋಡು.

ಭಾನುವಾರ ಬಿಲ್ ಪುಸ್ತಕಗಳನ್ನೆಲ್ಲ ತೆಗೆದುಕೊಂಡು ಬಾ. ಇಬ್ಬರೂ ಕೂತು ತಾರೀಖಿನ ಪ್ರಕಾರ ಜೋಡಿಸೋಣ. ದೊಡ್ಡಮ್ಮ ಊಟಕ್ಕೆ ಕಾಯುತ್ತಾಳೆ.

ನಿನ್ನ ದೊಡ್ಡಪ್ಪ